ಟೈಲರಮ್ಮನ ನಾಲಿಗೆ ತುದಿ

ಸ್ಟುಡಿಯೋದವರು ಟೈಲರಮ್ಮನನ್ನು ಅವಳ ಡ್ರಮ್ಮಿನ ಸಮೇತ ಗಾಜಿನ ಕೋಣೆಯೊಳಗೆ ಕೂರಿಸಿ, ಸದ್ದು ಸೋರದಿರಲೆಂದು ಗಾಜಿಗೆಲ್ಲ ದಪ್ಪ ಕಂಬಳಿ ಇಳಿಬಿಟ್ಟಿದ್ದರು. ಹೊರಗೆ ಅವಳ ಅಕ್ಕ ಕೀಬೋರ್ಡಿನ ಮುಂದೆ, ಭಾವ ಗಿಟಾರ್ ಹಿಡಿದು, ಬಸ್ ಡ್ರೈವರ್ ಗುಮ್ಮ ಬೇಸ್ ಗಿಟಾರ್ ಹಿಡಿದು ನಿಂತಿದ್ದರು. ಗುಮ್ಮ ಅನ್ನುವುದು ಭಾವ ಇಟ್ಟ ಹೆಸರು. ಆಸಾಮಿ ಬಾಯಿ ಬಿಡುವುದೇ ಅಪರೂಪ.

ಹಾಡಿಲ್ಲದ, ಬರೀ ವಾದ್ಯಗಳ ಆಲ್ಬಮ್. ಅವರ ಮೊದಲನೆಯದು. ರಾಕ್‌ನ ಅಬ್ಬರಕ್ಕೆ ಜಾಜ್‌ನ ತುಂಟತನವನ್ನು ಹೊಲಿಗೆ ಕಾಣದ ಹಾಗೆ ಜೋಡಿಸಬೇಕೆಂಬುದು ಭಾವನ ಹಟ. ಉಳಿದದ್ದು ಕೊನೆಯ ಉದ್ದನೆಯ ತುಣುಕೊಂದೇ. ಅದರಲ್ಲಿ ಗಿಟಾರ್ ಏರಿ ಏರಿ ಕಿರುಚಿ ತಟ್ಟನೆ ನಿಲ್ಲುತ್ತದೆ. ಆಮೇಲೆ ಪೂರಾ ಮೌನ. ಆ ಮೌನಕ್ಕೆ ಲೆಕ್ಕವಿಲ್ಲ. ಎಣಿಸಿದರೆ ಅದರ ಜೀವವೇ ಹೋಗುತ್ತದೆ. ಅದು ಮುಗಿದ ಗಳಿಗೆಯಲ್ಲಿ ನಾಲ್ವರ ಪೆಟ್ಟೂ ಒಟ್ಟಿಗೆ ಬಂದು ಬೀಳಬೇಕು. ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅರ್ಧ ಹೊಲಿದ ಕೋಟುಗಳ ನಡುವೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ನುಡಿಸುವಾಗ ಅದು ಒಂದು ದಿನವೂ ತಪ್ಪಿರಲಿಲ್ಲ. ಇಲ್ಲಿ ಬೆಳಗಿನಿಂದ ಒಮ್ಮೆಯೂ ಸರಿಬಂದಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ, ಅಟ್ಟದಿಂದ ಪಾತ್ರೆ ಉರುಳಿದ ಹಾಗೆ.

ತಪ್ಪು ತನ್ನದೇ ಎಂಬುದರಲ್ಲಿ ಟೈಲರಮ್ಮನಿಗೆ ಅನುಮಾನವಿರಲಿಲ್ಲ. ಮಳೆ ಬಂದರೂ ತಾನು ಬಟ್ಟೆ ಒಣಹಾಕಿದ್ದಕ್ಕೇ ಬಂತು ಅನ್ನುವ ಜೀವ ಅದು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಸೌಂಡ್ ಎಂಜಿನಿಯರನ ದನಿ ಕೇಳಿಸಿತು. ಮೈಕ್ ಆರಿಸುವುದನ್ನು ಮರೆತಿದ್ದ.

"ಪಕ್ಕದ ಬೀದೀಲೇ ಒಬ್ಬ ಡ್ರಮ್ಮರ್ ಇದಾನೆ ಸಾರ್. ಇದೊಂದಕ್ಕೆ ಕರೆಸ್ಲಾ?"

"ನೋಡೋಣ," ಅಂದರು ಭಾವ.

ಬೇಡ ಅನ್ನಲಿಲ್ಲ. ಅಂಗಡಿಗೆ ಬಂದವರಿಗೆ ಆಗಲ್ಲ ಅನ್ನಲು ಬಾಯಿ ಬಾರದಾಗ ಟೈಲರಮ್ಮನೂ 'ನೋಡೋಣ' ಅಂದು, ಕೊನೆಗೆ ಒಪ್ಪಿಕೊಂಡೇಬಿಡುತ್ತಿದ್ದಳು. ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಕರೆಸಿಬಿಡಿ ಭಾವ. ನನ್ನಿಂದ ಆಲ್ಬಮ್ ಹಾಳಾಗೋದು ಬೇಡ."

"ಸುಮ್ನಿರೇ ಪುಟ್ಟಿ," ಅಂದಳು ಅಕ್ಕ. "ಕಣ್ಣ ತುದೀಲೇ ಅಳು ಇವಳಿಗೆ."

ಎಂಜಿನಿಯರ್ ತಲೆ ಕೆರೆದುಕೊಂಡ. "ಅಲ್ಲ, ಆ ಮೌನ ಮುಗೀತು ಅಂತ ಸನ್ನೆ ಕೊಡೋದು ಯಾರು?"

"ಭಾವ," ಅಂದಳು ಟೈಲರಮ್ಮ.

"ನಾನಾ?" ಭಾವ ಹೌಹಾರಿದರು. "ನಾನು ನಿನ್ನ ಮುಖ ನೋಡ್ಕೊಂಡು ನುಡಿಸೋನು ಕಣಮ್ಮ!"

ಅವಳು ಗುಮ್ಮನ ಕಡೆ ತಿರುಗಿದಳು. ಗುಮ್ಮ ಗಲ್ಲ ಎತ್ತಿ ಅವಳತ್ತಲೇ ತೋರಿಸಿದ.

"ನಿನ್ನ ನಾಲಿಗೆ ಕಣೇ," ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಪೆಟ್ಟು ಹಾಕೋ ಮುಂಚೆ ಸೂಜಿಗೆ ದಾರ ಪೋಣಿಸೋವಾಗಿನ ಹಾಗೆ ತುದಿ ಆಚೆ ಬರುತ್ತೆ. ನಾನು ಅದನ್ನೇ ನೋಡೋದು. ಇಲ್ಲಿ ಕಂಬಳಿ ಮುಖ ನೋಡ್ಕೊಂಡು ಏನು ಬಾರಿಸ್ಲಿ?"

"ಬೆಳಗ್ಗೇನೇ ಹೇಳೋಕೆ ಏನಾಗಿತ್ತು?" ಎಂಜಿನಿಯರ್ ಗೊಣಗಿದ.

"ಎಲ್ರೂ ಅದನ್ನೇ ನೋಡ್ತಾರೆ ಅಂತ ನಂಗೇನ್ರೀ ಗೊತ್ತು? ನಾನೊಬ್ನೇ ಕದ್ದು ನೋಡ್ತಿದೀನಿ ಅನ್ಕೊಂಡಿದ್ದೆ," ಅಂದರು ಭಾವ.

ಸದ್ದೆಲ್ಲ ಸೋರುತ್ತದೆಂದು ಎಂಜಿನಿಯರ್ ಎಷ್ಟು ಬಡಿದುಕೊಂಡರೂ ಕೇಳದೆ ಗುಮ್ಮ ಕಂಬಳಿಗಳನ್ನು ಎಳೆದುಹಾಕಿದ.

ಮೊದಲ ಸಲ ಟೈಲರಮ್ಮ ನಾಚಿಕೆಯಿಂದ ತುಟಿ ಬಿಗಿದು ಕೂತಳು. ಮೌನ ಬಂದಾಗ ಎಲ್ಲರೂ ಅವಳ ಬಾಯಿಯನ್ನೇ ನೋಡಿ, ಅಕ್ಕ ಕಿಸಕ್ಕನೆ ನಕ್ಕು, ಎಲ್ಲ ಕೆಟ್ಟಿತು. ಮತ್ತೆ ಶುರುಮಾಡಿದರು. ಗಿಟಾರ್ ಏರಿತು, ಕಿರುಚಿತು, ನಿಂತಿತು. ಗಾಜಿನಾಚೆ ಆರು ಕಣ್ಣುಗಳು ಅವಳ ಮೇಲಿದ್ದವು. ಭಾವನಂಥ ಭಾವನ ಬಾಯಿ ಕೂಡ ಕೂಸಿನ ಹಾಗೆ ತೆರೆದಿತ್ತು. ಹಾಗಾದರೆ ಇಷ್ಟು ವರ್ಷ ಈ ಮೌನ ನನ್ನದೇ ಆಗಿತ್ತೇ? ಅವಳಿಗೆ ಒಳಗೊಳಗೇ ಖುಷಿ ಉಕ್ಕಿತು. ಇರಲಿ, ಇನ್ನೂ ಸ್ವಲ್ಪ ಕಾಯಲಿ ಅಂದುಕೊಂಡಳು. ಅವಳ ಕುರ್ಚಿ ಕಿರ್ರೆಂದಿತು. ಗುಮ್ಮನ ಹುಬ್ಬು ಹಣೆಗೇರಿತು. ಅವಳಿಗೇ ಗೊತ್ತಾಗದಂತೆ ನಾಲಿಗೆ ತುದಿ ಹೊರಬಂತು.

ನಾಲ್ವರ ಪೆಟ್ಟೂ ಒಟ್ಟಿಗೆ ಬಿತ್ತು. ಗಾಜು ಝುಮ್ಮೆಂದಿತು.

ಆಮೇಲೆ ಎಲ್ಲರೂ ಸ್ಪೀಕರಿನ ಮುಂದೆ ಒತ್ತಿಕೊಂಡು ಕೂತು ಕೇಳಿದರು.

"ಬಂದಿದೆ," ಎಂಜಿನಿಯರ್ ಒಪ್ಪಿಕೊಂಡ. "ಆದ್ರೆ ಮೌನದ ಮಧ್ಯೆ ಕುರ್ಚಿ ಕಿರ್ ಅಂದಿದೆ. ತೆಗೆದುಬಿಡ್ಲಾ?"

ಎಲ್ಲರೂ ಟೈಲರಮ್ಮನ ಕಡೆ ನೋಡಿದರು. 'ನೋಡೋಣ' ಎಂಬ ಮಾತು ಗಂಟಲವರೆಗೆ ಬಂದಿತ್ತು.

"ಬೇಡ," ಅಂದಳು. "ಇರಲಿ ಅದು."

"ಇನ್ನೊಂದ್ಸಲ ಹಾಕಿ," ಅಂದಿತು ಯಾವುದೋ ಹೊಸ ದನಿ. ತಿರುಗಿ ನೋಡಿದರೆ, ಗುಮ್ಮ.