ಕಲ್ಲು ತಟ್ಟಿ ನೋಡಿದ್ದು

ಉಕ್ಕನ್ನು ಸಮತಟ್ಟಾಗಿ ಸಾಣೆ ಹಿಡಿಯುವ ಸರ್ಫೇಸ್ ಗ್ರೈಂಡರ್ ಶೆಡ್ಡಿಗೆ ಬಂದ ದಿನ ಚಾಕು ಮಾಡುವವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಚ್ಚಿಹೋದ ಕಾರ್ಖಾನೆಯ ಹಳೇ ಮಾಲು. ಮೈತುಂಬ ಜಿಡ್ಡು, ಸಾಣೆಕಲ್ಲಿನ ಮೇಲಿರಬೇಕಾದ ಕಬ್ಬಿಣದ ಮುಚ್ಚಳವೇ ಇಲ್ಲ. ಆದರೂ ಅಯಸ್ಕಾಂತದ ಹಲಗೆ ಉಕ್ಕಿನ ಪಟ್ಟಿಯನ್ನು ಕಚ್ಚಿ ಹಿಡಿಯುತ್ತಿತ್ತು. ಇನ್ನು ಅರದಲ್ಲಿ ಉಜ್ಜಿ ಉಜ್ಜಿ ರಟ್ಟೆ ಬೀಳಿಸಿಕೊಳ್ಳುವುದು ತಪ್ಪಿತು ಎಂದು ಅವನು ಹಿಗ್ಗಿಹೋಗಿದ್ದ.

"ಮುದಿ ಕುದುರೆ ತಂದಿದ್ದೀರಿ," ಎಂದಳು ಹೆಂಡತಿ. ಚಾಕುಗಳಿಗೆ ಹಿಡಿ ಕೂರಿಸುವವಳು ಅವಳೇ. "ಒದೆಯದಿದ್ರೆ ಸಾಕು."

ಅವನು ನಕ್ಕು ತಲೆಯಾಡಿಸಿದ. ಅವಳು ಹೇಳಿದ್ದು ಅವನಿಗೆ ಕೇಳಿಸಿರಲಿಲ್ಲ.

ವರ್ಷಗಟ್ಟಲೆ ಸುತ್ತಿಗೆ ಬಡಿದು ಕಿವಿ ಕೈಕೊಟ್ಟಿತ್ತು. ಮಾತು ಅರ್ಧ ತುಟಿಯಿಂದ, ಅರ್ಧ ಅಂದಾಜಿನಿಂದ ತಿಳಿಯುತ್ತಿತ್ತು. ಉಳಿದದ್ದಕ್ಕೆ ತಲೆಯಾಡಿಸಿದರೆ ಆಯಿತು. ಹೆಂಡತಿಗೆ ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಹಿಂದೊಮ್ಮೆ ಅವಳೇ ಅಂದಿದ್ದಳು: "ಕಿವಿ ಕೇಳದವರು ಮೆಷಿನ್ ಮುಟ್ಟಬಾರದು. ನಿಮಗೇನಾದ್ರೂ ಹಾಗಾದ್ರೆ ಈ ಶೆಡ್ಡಿಗೆ ನಾನೇ ಬೀಗ ಜಡೀತೀನಿ." ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಶೆಡ್ಡು ಹೋದರೆ ತಾನು ಯಾವ ಲೆಕ್ಕಕ್ಕೂ ಇಲ್ಲದವನು ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಮೆಷಿನ್ನಿನ ಜೊತೆ ಎರಡು ಸಾಣೆಕಲ್ಲು ಬಂದಿದ್ದವು. ಹಳೇ ಕಲ್ಲನ್ನು ತಟ್ಟಿ ನೋಡದೆ ಹಾಕಬಾರದು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಲ್ಲು ಗಟ್ಟಿಯಿದ್ದರೆ ಟಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ದಬ್ ಎಂದು ಸುಮ್ಮನಾಗುತ್ತದೆ; ಅಂಥದ್ದು ತಿರುಗುವ ರಭಸಕ್ಕೆ ಒಡೆದು ಸಿಡಿಯುತ್ತದೆ. ಮೊದಲನೆಯದನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿದ. ಬೆರಳಿಗೆ ಏನೋ ಅದುರಿದಂತಾಯಿತು. ಅಷ್ಟು ಸಾಕು ಎಂದುಕೊಂಡ.

ಹೆಂಡತಿ ಬೆನ್ನ ಹಿಂದೆಯೇ ಇದ್ದಳು. "ರೀ, ಇದರ ಸದ್ದು ಸತ್ತುಹೋಗಿದೆ. ಇದು ಬೇಡ, ಇನ್ನೊಂದು ಹಾಕಿ. ನಾನು ನೀರು ತರ್ತೀನಿ."

ನೆರಳು ಕಂಡು ಅವನು ತಿರುಗಿದಾಗ ಅವಳ ಮಾತು ಮುಗಿದೇಹೋಗಿತ್ತು. ತಲೆಯಾಡಿಸಿದ. ಅವಳು ಬಕೆಟ್ ಹಿಡಿದು ಹೊರಗೆ ಹೋದಳು.

ಅದೇ ಕಲ್ಲನ್ನು ಹಾಕಿ, ನಟ್ಟು ಬಿಗಿದು, ಸ್ವಿಚ್ ಒತ್ತಿದ. ಕಲ್ಲು ತಿರುಗುವ ದಿಕ್ಕಿಗೆ ಅಡ್ಡ ನಿಲ್ಲಬಾರದೆಂದು ತಾನು ಮರೆಯದೆ ಪಕ್ಕಕ್ಕೆ ಸರಿದು ನಿಂತ. ಕಲ್ಲಿನ ನೇರಕ್ಕೆ ಶೆಡ್ಡಿನ ಬಾಗಿಲಿತ್ತು. ಮೋಟರಿನ ಸದ್ದು ಕೇಳಿ, ಇನ್ನೊಂದು ಕಲ್ಲನ್ನು ಹಾಕಿದ್ದಾರೆಂದುಕೊಂಡು, ಅವಳು ನೀರು ತುಂಬಿಕೊಂಡು ನಿಶ್ಚಿಂತೆಯಿಂದ ಒಳಗೆ ಬಂದಳು.

ಕಲ್ಲು ಒಡೆದ ಸದ್ದು ಅವನಿಗೂ ಕೇಳಿಸಿತು.

ಅವಳ ಜೀವ ಉಳಿಯಿತು. ಒಂದು ಕಣ್ಣು ಹೋಯಿತು, ದವಡೆ ಪುಡಿಯಾಗಿತ್ತು. ಆಸ್ಪತ್ರೆಯ ಮಂಚದಲ್ಲಿ ಕೆನ್ನೆ, ತುಟಿ, ಗಲ್ಲವನ್ನೆಲ್ಲ ಬ್ಯಾಂಡೇಜು ಮುಚ್ಚಿತ್ತು. ಅವನು ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡಿದ್ದ. ಹೇಳಿಬಿಡಬೇಕು, ಕಿವಿಯ ವಿಷಯ ಎಲ್ಲ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇದ್ದ.

ಬ್ಯಾಂಡೇಜಿನೊಳಗಿಂದ ಅವಳು ಕಷ್ಟಪಟ್ಟು ಕೇಳಿದಳು: "ಬೇಡ ಅಂದಿದ್ದು ಕೇಳಿಸಿಕೊಂಡೂ ಅದನ್ನೇ ಹಾಕಿದ್ರಾ?"

ಬಟ್ಟೆ ಅಲುಗಿದ್ದಷ್ಟೇ ಅವನಿಗೆ ಕಂಡಿತು. ನೀರು ಬೇಕೇನೋ, ನೋವೇನೋ. ಅವಳ ಒಂಟಿ ಕಣ್ಣನ್ನೇ ನೋಡುತ್ತಾ, ಆದಷ್ಟು ಪ್ರೀತಿಯಿಂದ, ಹೌದೆಂದು ತಲೆಯಾಡಿಸಿದ.

ಅವಳು ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು.