ಅಂಗಾತ ನಡೆಯುವ ಹುಳು

ಬಡಗಿಯ ಹೆಂಡತಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲಿಟ್ಟಿದ್ದಳು. ಹಿತ್ತಲಲ್ಲಿ ಮರದಪುಡಿ ಕೊಳೆತು ಗೊಬ್ಬರವಾಗಿದ್ದ ಗುಡ್ಡೆಯನ್ನು ಕೆದಕಿದರೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು; ಕುದಿನೀರು ಅವುಗಳ ಮೇಲೆ ಸುರಿಯಲೆಂದೇ. ಹೋದ ವರ್ಷ ಇಂಥವೇ ಬೇರು ತಿಂದು ಅವಳ ಗುಲಾಬಿ ಸಸಿಗಳನ್ನೆಲ್ಲ ಒಣಗಿಸಿದ್ದವು. ಈ ಸಲವೂ ಹೋದರೆ ಗುಲಾಬಿಯ ಸಹವಾಸವೇ ಬೇಡವೆಂದು ಹೇಳಿಬಿಟ್ಟಿದ್ದಳು.

ಒಂದನ್ನು ತಟ್ಟೆಯಲ್ಲಿ ತಂದು ಅತ್ತೆಗೆ ತೋರಿಸಿದಳು. ಜಾರಿಬಿದ್ದು ಸೊಂಟ ಉಳುಕಿಸಿಕೊಂಡಿದ್ದ ಅತ್ತೆ ಕಿಟಕಿಯ ಪಕ್ಕ ಮಲಗಿದ್ದರು.

"ಪಾಪ, ಅಂಗಾತ ಬಿದ್ಬಿಟ್ಟಿದೆ." ಅತ್ತೆ ಬೆರಳಿನಿಂದ ಮಗುಚಿದರು. ಹುಳು ಮತ್ತೆ ಬೆನ್ನಮೇಲಾಯಿತು. ಮತ್ತೆ ಮಗುಚಿದರು. ಮತ್ತೆ ಅದೇ ಕತೆ.

"ಹಟಮಾರಿ! ಥೇಟ್ ನಿನ್ನ ಗಂಡ."

"ಹೆತ್ತೋರು ಯಾರು ಅತ್ತೆ? ಕೊಡಿ, ನೀರು ಕುದೀತಿದೆ."

ಅಷ್ಟರಲ್ಲಿ ಹುಳು ಕಾಲುಗಳನ್ನು ಮೇಲೆತ್ತಿಕೊಂಡು, ಬೆನ್ನನ್ನೇ ಅಲೆಯಾಡಿಸುತ್ತ ತಟ್ಟೆಯ ಅಂಚಿಗೆ ಸರಸರ ಹೊರಟಿತು. ಅತ್ತೆ ಸೊಂಟ ಹಿಡಿದುಕೊಂಡು ನಕ್ಕರು.

ನಗು ಕೇಳಿ ಬಡಗಿ ಉಳಿ ಸಮೇತ ಬಂದ. "ಇದು ಕೊಳೆತ ಮರದಲ್ಲಿ ಸಿಗುತ್ತೆ ಕಣೇ. ಹೀಗೇ ಬೆನ್ನಮೇಲೆ ನಡೆಯುತ್ತೆ. ಹಸಿ ಬೇರಿಗೆ ಬಾಯಿ ಹಾಕಿದ್ದು ನಾನಂತೂ ಕಂಡಿಲ್ಲ. ಹೋದ ವರ್ಷದ್ದು ಹೇಗೆ ನಡೀತಿತ್ತು?"

"ನಡೆಯೋಕೆ ಎಲ್ಲಿ ಬಿಟ್ಟೆ? ಕಂಡಕೂಡಲೇ ಜಜ್ಜಿದೆ."

"ಹಾಗಾದ್ರೆ ಒಂದು ಸಸಿ ಕೊಟ್ಟು ನೋಡು."

ಅವಳು ಒಲೆ ಆರಿಸಿದಳು, ಪಾತ್ರೆ ಇಳಿಸಲಿಲ್ಲ. ಇದ್ದುದರಲ್ಲೇ ಬಡಕಲು ಸಸಿಯನ್ನು ಆ ಗೊಬ್ಬರವನ್ನೇ ತುಂಬಿದ ಒಂದು ಕುಂಡದಲ್ಲಿ ನೆಟ್ಟು, ಹುಳುವನ್ನೂ ಬಿಟ್ಟು, ಅತ್ತೆಯ ಕಿಟಕಿಯಲ್ಲಿಟ್ಟಳು.

"ಕಾವಲಿಗೆ ನಾನಿದ್ದೀನಿ, ಎಲ್ಲಿಗೂ ಓಡಿಹೋಗಲ್ಲ," ಎಂದರು ಅತ್ತೆ.

ಬೆಳಗಾದರೆ ಅವಳು ಮೊದಲು ಸಸಿಯನ್ನು ನೋಡುವಳು, ಆಮೇಲೆ ಅತ್ತೆಯನ್ನು. "ನನ್ನ ಸೊಂಟ ಕೇಳೋರೇ ಇಲ್ಲ," ಎಂದು ಅತ್ತೆ ಗೊಣಗುವರು. ಸಸಿ ಚಿಗುರಿತು. ಚಿಗುರು ಬಾಡದೆ ನಿಂತ ಮೇಲೆ ಉಳಿದ ಸಸಿಗಳಿಗೂ ಅದೇ ಗೊಬ್ಬರ ಬಿತ್ತು.

ಅತ್ತೆ ಗೋಡೆ ಹಿಡಿದು ಓಡಾಡುವ ಹೊತ್ತಿಗೆ ಕುಂಡದಲ್ಲಿ ಹೂವರಳಿತ್ತು. ಒಂದು ಮಧ್ಯಾಹ್ನ ಮಣ್ಣು ಸೀಳಿಕೊಂಡು ಅದೇ ಹುಳು ಹಸಿರು ದುಂಬಿಯಾಗಿ ಎದ್ದು ಬಂತು. ಬೆನ್ನಿನ ಮುಚ್ಚಳ ತೆರೆಯದೆಯೇ ಪಕ್ಕದಿಂದ ರೆಕ್ಕೆ ಚಾಚಿ ಹಾರಿ, ಹೂವಿನ ನಡುವೆ ತಲೆ ಹುದುಗಿಸಿ, ಮೈಯೆಲ್ಲ ಪರಾಗ ಮಾಡಿಕೊಂಡಿತು. ಒಂದು ಎಸಳನ್ನೂ ಕಚ್ಚಿತು.

"ನೋಡೇ, ನಿನ್ನ ಹೂವನ್ನೇ ತಿಂತಿದೆ!"

"ಒಂದು ಎಸಳು ತಾನೆ? ತಿನ್ನಲಿ ಬಿಡಿ, ಮನೆಮಗ."

ತಿಂದು ಜಾರಿದ ದುಂಬಿ ಕಿಟಕಿಯ ಕಟ್ಟೆಗೆ ಅಂಗಾತ ಬಿದ್ದು ಕಾಲು ಬಡಿಯತೊಡಗಿತು. ಅತ್ತೆ ಕೈ ಕಟ್ಟಿಕೊಂಡು ನೋಡುತ್ತ ನಿಂತರು. "ಇದು ನಡೆಯೋದೇ ಹೀಗೆ. ನಾನು ಈ ಸಲ ಮೋಸಹೋಗಲ್ಲ."

"ಅತ್ತೆ, ಈಗ ನಿಜವಾಗ್ಲೂ ಬಿದ್ದಿದೆ," ಎಂದು ಸೊಸೆ ಬೆರಳು ಚಾಚಿ ಮೆಲ್ಲನೆ ಮಗುಚಿದಳು.