ಹಳದಿ ತಂತಿ ತಂದ ಅಕ್ಷರಗಳು

ಬೀಗರಾಗುವವರು ಬರುವ ಹೊತ್ತಾಗಿತ್ತು. ಟಿ.ವಿ.ಯಲ್ಲಿ ಚಿತ್ರ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಲೊರೆಟ್ಟಾ ರಿಮೋಟು ಹಿಡಿದು ಒಮ್ಮೆ ಬಾಗಿಲ ಕಡೆ, ಒಮ್ಮೆ ಟಿ.ವಿ. ಕಡೆ ನೋಡುತ್ತಿದ್ದಳು.

ಅವಳಿಗೂ ಗಂಡ ವರ್ನನ್‌ಗೂ ಹುಟ್ಟಿನಿಂದ ಕಿವಿ ಕೇಳದು; ಮಾತೆಲ್ಲ ಕೈಸನ್ನೆಯಲ್ಲೇ. ಮಗಳು ಕೊರಿನ್‌ಗೆ ಕೇಳುತ್ತದೆ. ಕಿವುಡರ ದೊಡ್ಡ ಕಾಲೇಜಿರುವ ಅಮೆರಿಕದ ಈ ರಾಚೆಸ್ಟರ್‌ನಲ್ಲಿ ಇಂಥ ಮನೆಗಳಿಗೇನು ಬರವಿಲ್ಲ. ಕೊರಿನ್ ಹಾಡಿ ಆಡಿದ್ದ ನಾಟಕವನ್ನು ಅವಳ ಕಾಲೇಜಿನವರು ಡಿಸ್ಕಿಗೆ ಹಾಕಿಸಿ, ಮಾತು, ಹಾಡು ಎಲ್ಲವೂ ಪರದೆಯ ಕೆಳಗೆ ಅಕ್ಷರವಾಗಿ ಮೂಡುವಂತೆ ಮಾಡಿಕೊಟ್ಟಿದ್ದರು. ಅವಳು ಮದುವೆಯಾಗಲಿರುವ ಡೆರಿಕ್ ತನ್ನ ತಾಯಿ ಮೊರೀನ್‌ಳನ್ನು ಕರೆದುಕೊಂಡು ಊಟಕ್ಕೆ ಬಂದು, ಅದನ್ನು ನೋಡುವುದೆಂದು ಮಾತಾಗಿತ್ತು.

ಕೇಳುವವರ ನಡುವೆ ಕೂತು, ಅವರು ನಕ್ಕ ಮೇಲೆ ನಕ್ಕು, ಅರ್ಥವಾದವಳಂತೆ ತಲೆಯಾಡಿಸುವುದರಲ್ಲೇ ಲೊರೆಟ್ಟಾಳ ಅರ್ಧ ಆಯಸ್ಸು ಕಳೆದಿತ್ತು. ಹೆತ್ತ ಮಗಳ ನಾಟಕಕ್ಕೂ, ತನ್ನ ಮನೆಯಲ್ಲೇ, ಬೀಗತಿಯ ಎದುರಿಗೆ ಹಾಗೆ ಪೆಚ್ಚಾಗಿ ಕೂರಬೇಕೆ? ನೆನೆದರೇ ಅಳು ಬರುತ್ತಿತ್ತು.

ತಪ್ಪೆಲ್ಲ ಡಿಸ್ಕ್ ಪ್ಲೇಯರಿನಿಂದ ಟಿ.ವಿ.ಗೆ ಹಾಕಿದ್ದ ಆ ಹೊಸ ಎಚ್‌ಡಿಎಂಐ ಕೇಬಲ್ಲಿನದು. ಕಳೆದ ಭಾನುವಾರ ಡೆರಿಕ್ ಪಾಪ, ಪ್ರೀತಿಯಿಂದ ತಂದುಕೊಟ್ಟಿದ್ದ. ವರ್ನನ್ ಹಿಂದೆಮುಂದೆ ನೋಡದೆ ಹಳೆಯ ತಂತಿ ಕಿತ್ತು ಗ್ಯಾರೇಜಿಗೆ ಎಸೆದಿದ್ದ. ಚಿತ್ರವೇನೋ ಕನ್ನಡಿಯಷ್ಟು ಸ್ವಚ್ಛ. ಆದರೆ ಅಕ್ಷರದ ಗುಂಡಿ ಒತ್ತಿ ಒತ್ತಿ ಬೆರಳು ಸವೆಯಿತೇ ಹೊರತು ಒಂದು ಪದವೂ ಮೂಡಲಿಲ್ಲ.

ಕೊನೆಗೆ ವರ್ನನ್ ವಿಡಿಯೋ ಫೋನಿನಲ್ಲಿ ಕಿವುಡರ ಕ್ಲಬ್ಬಿನ ಗೆಳೆಯ ಸ್ಟ್ಯಾನ್ಲಿಯನ್ನು ಹಿಡಿದ. ಸ್ಟ್ಯಾನ್ಲಿ ಎರಡೂ ಕೈಯಲ್ಲಿ ಬೈದ.

“ಅಯ್ಯೋ ಮಂಕೇ! ಆ ಕೇಬಲ್ಲು ಅಕ್ಷರ ಹೊರಲ್ಲ ಕಣೋ. ಹಳೇ ಹಳದಿ ತಂತಿ ಹಾಕು. ನಮ್ಮನೇಲೂ ಹಿಂಗೇ ಆಗಿ, ನಮ್ಮವಳು ಎರಡು ದಿನ ನನ್ನ ಕೈ ಕಡೆ ಕಣ್ಣೆತ್ತಿ ನೋಡ್ಲಿಲ್ಲ!”

ಗ್ಯಾರೇಜಿನಿಂದ ತಂತಿ ಹುಡುಕಿ ತಂದ ವರ್ನನ್ ಟಿ.ವಿ.ಯ ಹಿಂದೆ ತೂರಿಕೊಂಡ. ಬೇರೆ ಗಂಡಹೆಂಡಿರಾದರೆ ಕೂಗಿ ಹೇಳಿಕೊಳ್ಳುತ್ತಿದ್ದರು. ಇವರಿಗೆ ನೆಲವೇ ಗತಿ. ಚಿತ್ರ ಬಂದರೆ ಲೊರೆಟ್ಟಾ ಒಮ್ಮೆ ಕಾಲು ಕುಟ್ಟಬೇಕು, ಬರದಿದ್ದರೆ ಎರಡು ಸಲ. ನೆಲದ ಅದುರು ಅವನ ಮಂಡಿಗೆ ತಾಗುತ್ತದೆ.

ಎರಡು ಸಲ ಕುಟ್ಟಿದಳು. ವರ್ನನ್ ತಲೆ ಹೊರಹಾಕಿದ.

“ಇಲ್ಲಿ ಹಳದಿ ತೂತೇ ಇಲ್ಲ ಮಾರಾಯ್ತಿ! ಹಸಿರಿದೆ, ನೀಲಿ ಇದೆ. ನೀಲಿಗೆ ಹಾಕ್ದೆ.”

“ಕಣ್ಣಿಗೇನು ಮಣ್ಣು ಬಿದ್ದಿದ್ಯಾ? ಸರಿಯಾಗಿ ನೋಡು. ಅವರು ಬರೋ ಹೊತ್ತಾಯ್ತು!”

ಹಸಿರು ತೂತಿನ ಸುತ್ತ ತೆಳ್ಳಗೆ ಹಳದಿ ಅಂಚು ಇತ್ತು. ಅಲ್ಲಿ ಸಿಕ್ಕಿಸಿದ. ಚಿತ್ರ ಬಂತು, ಬರೀ ಕಪ್ಪು ಬಿಳುಪು. ಎಷ್ಟು ಸಲ ಕುಟ್ಟಬೇಕೆಂದು ತಿಳಿಯದೆ ಲೊರೆಟ್ಟಾ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಕುಟ್ಟಿದಳು.

ತಲೆಗೂದಲೆಲ್ಲ ಧೂಳು ಮಾಡಿಕೊಂಡು ವರ್ನನ್ ಎದ್ದ. “ಬಂತೋ, ಇಲ್ವೋ? ಒಂದೂವರೆ ಕುಟ್ಟಿದ್ರೆ ನಾನೇನಂತ ತಿಳ್ಕೊಳ್ಲಿ?”

“ಬಂತು, ಬಣ್ಣ ಬರ್ಲಿಲ್ಲ. ನಮ್ಮಜ್ಜಿ ಕಾಲದ ಟೀವಿ ಥರ ಇದೆ!”

ಲೊರೆಟ್ಟಾ ರಿಮೋಟಿನ ಒಂದೊಂದೇ ಗುಂಡಿ ಒತ್ತುತ್ತ ಹೋದಳು. ಯಾವ ದಾರಿಯಿಂದ ಚಿತ್ರ ತರಬೇಕೆಂದು ಕೇಳುವ ಪಟ್ಟಿ ತೆರೆದುಕೊಂಡಿತು. ಎ.ವಿ. ಎಂದಿದ್ದನ್ನು ಒತ್ತಿದಾಗ ಬಣ್ಣ ತುಂಬಿತು. ಮರುಗಳಿಗೆಯಲ್ಲೇ ಕೆಳಗೆ ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರಗಳು! ಲೊರೆಟ್ಟಾ ನೆಲ ಬಿರಿಯುವಂತೆ ಒಮ್ಮೆ ಕುಟ್ಟಿದಳು. ಗಂಡಹೆಂಡತಿ ತಬ್ಬಿಕೊಂಡು ಕುಣಿಯುತ್ತಿರುವಾಗಲೇ ಕರೆಗಂಟೆಯ ಬದಲು ಹಾಕಿಸಿದ್ದ ಬಾಗಿಲ ದೀಪ ಮಿಣುಕಿತು.

ಡೆರಿಕ್, ಮೊರೀನ್, ಅವರ ಜೊತೆಗೇ ಕೊರಿನ್ ಬಂದರು. ಊಟ ಮುಗಿದು ನಾಟಕ ಶುರುವಾಯಿತು. ಮೊದಲ ತಮಾಷೆಗೆ ಲೊರೆಟ್ಟಾ ನಕ್ಕಳು. ನೋಡಿದರೆ ಮೊರೀನ್ ಕೂಡ ಆಗಲೇ ನಗುತ್ತಿದ್ದಾಳೆ! ಎರಡನೆಯದಕ್ಕೂ ಹಾಗೇ. ಇವತ್ತು ಯಾರ ನಗುವಿಗೂ ಕಾಯಬೇಕಾಗಿರಲಿಲ್ಲ. ಅವಳ ಜೀವ ಹಗುರಾಯಿತು.

ಕೊರಿನ್ ಹಾಡುವ ಭಾಗ ಬಂತು. ಮಗಳ ಹಾಡಿಗೆ ಬೀಗತಿಯ ಮುಖ ಹೇಗಾಗುತ್ತದೋ ಎಂದು ಲೊರೆಟ್ಟಾ ಕುತೂಹಲದಿಂದ ತಿರುಗಿದಳು. ಮೊರೀನ್ ಪೇಪರ್ ಓದುವವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ಪರದೆಯ ಕೆಳಗಿನ ಅಕ್ಷರ ಓದುತ್ತಿದ್ದಳು. ಡೆರಿಕ್ ಕೂಡ ಅಷ್ಟೆ. ಕಿವಿ ಕೇಳುವವರಿಗೆ ಓದುವ ಕರ್ಮವೇಕೆ?

ಲೊರೆಟ್ಟಾ ಎದ್ದು ಟಿ.ವಿ.ಯ ಹಿಂದೆ ಬಗ್ಗಿ ನೋಡಿದಳು. ಹಳದಿ ತಂತಿಗೇ ಅಂಟಿಕೊಂಡಿದ್ದ, ಸದ್ದು ಹೊರುವ ಕೆಂಪು, ಬಿಳಿ ತಂತಿಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಆ ಮನೆಯಲ್ಲಿ ಸದ್ದಿನ ನೆನಪು ಯಾರಿಗಾಗಬೇಕು? ನಾಚಿಕೆಯಿಂದ ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ನೀನಾದ್ರೂ ಯಾಕೆ ಹೇಳ್ಲಿಲ್ಲ ಕಣೇ?” ಎಂದು ಮಗಳನ್ನು ಕೈಯಲ್ಲೇ ಗದರಿದಳು.

“ನಾನು ಎದ್ದೆ ಅಮ್ಮ. ಡೆರಿಕ್ ಅಮ್ಮನೇ ಕೈ ಹಿಡಿದು ಕೂರಿಸಿದ್ರು. ‘ನಿಮ್ಮಮ್ಮ ಎಷ್ಟು ಚೆನ್ನಾಗಿ ನಗ್ತಿದ್ದಾರೆ, ಇರ್ಲಿ ಬಿಡು’ ಅಂದ್ರು.”

ಲೊರೆಟ್ಟಾ ತಂತಿ ಹಿಡಿದು ನಿಂತಳು. ಹಾಗೇ ಬಿಟ್ಟರೆ ಈ ಸಂಜೆಯೆಲ್ಲ ತನ್ನದು. ನಗುವುದರಲ್ಲಿ ಹಿಂದೆ ಬೀಳಬೇಕಿಲ್ಲ. ಸಿಕ್ಕಿಸಿದರೆ ಅವರು ಕೇಳಿ ಮೊದಲು ನಗುತ್ತಾರೆ, ತಾನು ಓದಿ ಆಮೇಲೆ; ಮತ್ತೆ ಅದೇ ಹಳೆಯ ಪಾಡು. ಆದರೆ ಮಗಳ ದನಿ? ತಾನಂತೂ ಕೇಳುವ ಹಾಗಿಲ್ಲ. ಕೇಳಬಲ್ಲವರನ್ನು ಮನೆಗೆ ಕರೆದು ಕಿವಿ ಮುಚ್ಚಿಸಿ ಕೂರಿಸುವುದೇ?

“ಹಾಡನ್ನ ಮೊದಲಿಂದ ಹಾಕು,” ಎಂದು ಮಗಳಿಗೆ ಹೇಳಿ ಎರಡನ್ನೂ ಸಿಕ್ಕಿಸಿದಳು. ಸದ್ದು ಎಷ್ಟಕ್ಕಿದೆಯೆಂದು ಆ ಮನೆಯಲ್ಲಿ ನೋಡಿದವರಾರು? ಡೆರಿಕ್ ಬೆಚ್ಚಿಬಿದ್ದು ಕಾಫಿ ಚೆಲ್ಲಿಕೊಂಡ. ಕೊರಿನ್ ಓಡಿಬಂದು ತಗ್ಗಿಸಿದಳು.

ಮೊರೀನ್‌ಳ ಕಣ್ಣು ಅಕ್ಷರ ಬಿಟ್ಟು ಮೇಲೇರಿತು. ಬಾಯಿ ತುಸು ತೆರೆಯಿತು. ಕೈ ತಾನಾಗಿ ಎದೆಗೆ ಹೋಯಿತು. ಹಾಡಿನ ಒಂದು ಕಡೆ ಅವಳ ಹುಬ್ಬು ಮೇಲೇರಿ ಹಾಗೇ ನಿಂತುಬಿಟ್ಟಿತು; ಉಸಿರೂ ನಿಂತ ಹಾಗಿತ್ತು. ಆಮೇಲೆ ನಿಧಾನಕ್ಕೆ ಎಲ್ಲ ಇಳಿಯಿತು, ಕಣ್ಣಲ್ಲಿ ನೀರು ತುಂಬಿತು. ಲೊರೆಟ್ಟಾ ರೆಪ್ಪೆ ಬಡಿಯದೆ ಆ ಮುಖವನ್ನೇ ನೋಡುತ್ತಿದ್ದಳು.

ವರ್ನನ್ ಅವಳ ಭುಜ ತಟ್ಟಿದ. “ಅಷ್ಟು ಒದ್ದಾಡಿ ಅಕ್ಷರ ತರಿಸಿದ್ದು ಯಾರಿಗೆ? ಟೀವಿ ನೋಡೇ!”

“ಸುಮ್ನಿರೋ,” ಎಂದಿತು ಲೊರೆಟ್ಟಾಳ ಕೈ, “ಮಗಳ ಹಾಡು ಕೇಳ್ತಿದ್ದೀನಿ.”